ಹಿಂದೆ ಬಾಡಿ ಇರಬೇಕು ಅಂತಿದ್ದ ಅಪ್ಪ

ನಮ್ಮೂರು ಚಿಂಚೋಳಿ ತಾಲೂಕಿನಲ್ಲಿದೆ. ಊರಿನಿಂದ ಚಿಂಚೋಳಿಗೆ 14 ಕಿಲೋಮೀಟರ್. ಆ ದಾರಿಯಲ್ಲಿ ಊರು ಬಿಟ್ಟ ಕೂಡಲೇ ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ. ಮಳೆ ಜೋರಾದರೆ ನೀರು ಸೇತುವೆ ಮೇಲೆ ಬರುತ್ತದೆ. ಆಗ ಊರಿಗೆ ಉಳಿಯೋದು ಒಂದೇ ದಾರಿ. ನಮ್ಮ ಹೊಲದ ಕಡೆ ಒಂದೂವರೆ ಕಿಲೋಮೀಟರ್ ಮುರುಮ್ ರಸ್ತೆ, ಅಲ್ಲಿಂದ ಮುಂದೆ 700 ಮೀಟರ್ ಬಂಡಿ ದಾರಿ. ಅದನ್ನು ದಾಟಿದರೆ ಇನ್ನೊಂದು ಡಾಂಬರ್ ರಸ್ತೆ ಸಿಗುತ್ತದೆ. ಆ 700 ಮೀಟರ್ ಪೂರ್ತಿ ಎರೆ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು.

ನಾನು ಇವತ್ತು ಬರೆಯುತ್ತಿರೋದು ಗಾಡಿ ಬಗ್ಗೆ. ಪಿಕಪ್ ತಗೋಬೇಕಾ, ಎಂಜಿನ್ ಬಲ ನಾಲ್ಕೂ ಗಾಲಿಗೆ ಹೋಗುವ ಫೋರ್ ಬೈ ಫೋರ್ ಜೀಪು ತಗೋಬೇಕಾ ಅಂತ ಒಂದೂವರೆ ವರ್ಷ ತಲೆ ಕೆಡಿಸಿಕೊಂಡೆ. ಆ 700 ಮೀಟರ್ ಇಲ್ಲದಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ. ಯಾವುದೋ ಒಂದು ಸಾದಾ ಕಾರು ತಗೊಂಡು ಸುಮ್ಮನಿರುತ್ತಿದ್ದೆ.

ನಮ್ಮದು 11 ಎಕರೆ. ತೊಗರಿಯೇ ಮುಖ್ಯ, ಒಂದಿಷ್ಟು ಹೆಸರು, ಉದ್ದು. ಅಪ್ಪ 2021ರ ಬೇಸಿಗೆಯಲ್ಲಿ ತೀರಿಕೊಂಡ. ಆಮೇಲೆ ಹೊಲ ನಾನೇ ನೋಡಿಕೊಳ್ಳುತ್ತೇನೆ. ಚಿಂಚೋಳಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಪಹಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್ ಅರ್ಜಿ ಎಲ್ಲ ತುಂಬಿ ಕೊಡುತ್ತೇನೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವನಿಗೆ ಉಬ್ಬಸ, ಜೊತೆಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ಕಲಬುರಗಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು.

ಅಪ್ಪನಿಗೆ ಪಿಕಪ್ ಅಂದರೆ ಜೀವ. ಕಲಬುರಗಿಯ ನೆಹರು ಗಂಜ್‌ಗೆ ತೊಗರಿ ತಗೊಂಡು ಹೋದಾಗ ಅಡತಿ ಮುಂದೆ ನಿಂತ ಬೊಲೆರೊ ಪಿಕಪ್‌ಗಳ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದ. ಕೆಳಗೆ ಬಗ್ಗಿ ಕಮಾನುಪಟ್ಟಿ ಎಷ್ಟಿವೆ ಅಂತ ಎಣಿಸುತ್ತಿದ್ದ. ಬಾಡಿ, ಅಂದರೆ ಹಿಂದೆ ಸಾಮಾನು ಹೇರುವ ಜಾಗ, ಅದರ ಸುತ್ತಲಿನ ಡಾಲಾ ಬಡಿದು ನೋಡುತ್ತಿದ್ದ. "ಹಿಂದ ಬಾಡಿ ಇರಬೇಕು ತಂಗಿ. ಬಾಡಿ ಇಲ್ಲದ ಗಾಡಿ ರೈತಗ ಏನ್ ಕೆಲಸಕ್ಕ ಬರ್ತದ?" ಅಂತಿದ್ದ. ಅವನು ಎಷ್ಟೋ ವರ್ಷ ಲೆಕ್ಕ ಹಾಕಿದ, ಪಾಸ್‌ಬುಕ್ ತೆಗೆದು ನೋಡಿದ, ಮತ್ತೆ ಮಡಿಚಿಟ್ಟ. ಗಾಡಿ ಮಾತ್ರ ಬರಲಿಲ್ಲ. ಹಾಗಾಗಿ ನನ್ನ ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದಾಗ ಮನಸ್ಸು ಮೊದಲು ಓಡಿದ್ದು ಪಿಕಪ್ ಕಡೆಗೇ.

ಆದರೆ ಇನ್ನೊಂದು ನೆನಪೂ ಇದೆ. 2020ರ ಅಕ್ಟೋಬರ್ 13ರ ರಾತ್ರಿ. ನಮ್ಮ ಜಿಲ್ಲೆಯಲ್ಲಿ ಆ ಮಳೆ ಯಾರೂ ಮರೆತಿರಲಿಕ್ಕಿಲ್ಲ. ಮುಲ್ಲಾಮಾರಿ, ಕಾಗಿಣಾ ನದಿ ಎರಡೂ ತುಂಬಿ ಬಂದವು, ಕೆಲವೇ ದಿನದಲ್ಲಿ ಭೀಮಾ ದಂಡೆಯ ಹಳ್ಳಿಗಳೂ ಮುಳುಗಿದವು. ಆ ರಾತ್ರಿ ಒಂದು ಗಂಟೆ ಸುಮಾರಿಗೆ ಅವ್ವನಿಗೆ ಉಸಿರು ಹತ್ತಿತು. ಉಬ್ಬಸದ ಪಂಪ್ ಹೊಡೆದರೂ ಕಡಿಮೆ ಆಗಲಿಲ್ಲ. ಎರಡು ಶಬ್ದ ಸೇರಿಸಿ ಮಾತಾಡಲಿಕ್ಕೆ ಆಗುತ್ತಿರಲಿಲ್ಲ. ಆಂಬುಲೆನ್ಸ್ ಬರಬೇಕಾದ ದಾರಿಯಲ್ಲಿ ಹಳ್ಳದ ನೀರು ಎದೆಮಟ್ಟ ಇತ್ತು.

ಪಕ್ಕದ ಮನೆಯವರು ಟ್ರ್ಯಾಕ್ಟರ್ ತೆಗೆದರು. ಟ್ರಾಲಿಯಲ್ಲಿ ಹೊಟ್ಟು ತುಂಬಿದ ಚೀಲ ಹಾಸಿ ಅವ್ವನನ್ನು ಕೂರಿಸಿದೆವು. ಮಲಗಿಸಿದರೆ ಉಸಿರು ಇನ್ನೂ ಕಟ್ಟುತ್ತಿತ್ತು, ಅದಕ್ಕೆ ನಾನು ಹಿಂದೆ ಕೂತು ನನ್ನ ಎದೆಗೆ ಒರಗಿಸಿಕೊಂಡೆ. ಅಪ್ಪ ನಮ್ಮಿಬ್ಬರ ಮೇಲೆ ತಾಡಪತ್ರಿ ಹಿಡಿದು ನಿಂತ. ರಾಶಿ ಮಾಡುವಾಗ ಕಣದಲ್ಲಿ ಹಾಸುವ ನೀಲಿ ತಾಡಪತ್ರಿ. ಒಂದು ಕೈಯಲ್ಲಿ ಟ್ರಾಲಿಯ ಕಬ್ಬಿಣ, ಇನ್ನೊಂದು ಕೈಯಲ್ಲಿ ತಾಡಪತ್ರಿ ಅಂಚು. ಹೊಲದ ಕಡೆಯ ಬಂಡಿ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿ ಹೂತು, ಎದ್ದು, ಅಡ್ಡಡ್ಡ ಜಾರುತ್ತ ಹೋಯಿತು. 700 ಮೀಟರಿಗೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನಾನು ಅವ್ವನ ಉಸಿರು ಎಣಿಸುತ್ತಾ ಇದ್ದೆ. ಬೆಳಗಿನ ಜಾವಕ್ಕೆ ಚಿಂಚೋಳಿ ಮುಟ್ಟಿದೆವು, ನೆಬ್ಯುಲೈಸರ್ ಹಚ್ಚಿದರು, ಅವ್ವ ಉಳಿದಳು. ಅಪ್ಪನ ಅಂಗೈಯಲ್ಲಿ ತಾಡಪತ್ರಿ ಕಣ್ಣಿಯ ಗುಂಡಗಿನ ಗುರುತು ಎರಡು ದಿನ ಹಾಗೇ ಇತ್ತು.

ಅಂದರೆ ನನಗೆ ಬೇಕಾದ ಗಾಡಿ ಎರಡು ಕೆಲಸ ಮಾಡಬೇಕಿತ್ತು. ಅಪ್ಪ ಹೇಳಿದ ಹಾಗೆ ಹೊಲದ ಸಾಮಾನು ಹೊರಬೇಕು. ಅಂಥ ರಾತ್ರಿ ಮತ್ತೆ ಬಂದರೆ ಅವ್ವನನ್ನು ಆ ಎರೆ ದಾಟಿಸಬೇಕು.

ಅಂಗಡಿಯಲ್ಲಿ ಕೂತು ಯೂಟ್ಯೂಬ್ ನೋಡಿ ನೋಡಿ ಸಾಕಾಯಿತು. ಅಲ್ಲಿ ಮರಳಿನಲ್ಲಿ ಓಡಿಸುತ್ತಾರೆ, ಬಂಡೆ ಹತ್ತಿಸುತ್ತಾರೆ, ಎರೆ ಹೊಲಕ್ಕೆ ಯಾರೂ ಇಳಿಯೋದಿಲ್ಲ. ಕೊನೆಗೆ 2023ರ ಜೂನ್‌ನಲ್ಲಿ ಒಂದು ನೋಟ್‌ಬುಕ್ ಹಾಕಿದೆ. ಎಲ್ಲೇ ಹೋದರೂ ಅದರಲ್ಲಿ ಬರೆಯೋದು. ಎಲ್ಲಿಗೆ, ಎಷ್ಟು ಜನ, ಎಷ್ಟು ತೂಕ, ದಾರಿ ಹೇಗಿತ್ತು. ಸ್ಕೂಟರ್ ಮೇಲೆ ಹೋದರೂ, ಬಸ್ಸಿನಲ್ಲಿ ಹೋದರೂ, ಬಾಡಿಗೆ ಟಂಟಂ ಆಟೋ ಹಿಡಿದರೂ ಬರೆದೆ. ಮುಂದಿನ ಮೇ ತನಕ, ಪೂರ್ತಿ ಒಂದು ವರ್ಷ.

ಗಾಡಿ ತಗೊಳ್ಳೋ ಯೋಚನೆ ಇರುವ ಎಲ್ಲರಿಗೂ ನಾನು ಹೇಳೋದು ಇದನ್ನೇ, ದಯವಿಟ್ಟು ಮೊದಲು ಹೀಗೆ ಒಂದು ವರ್ಷ ಬರೆದಿಡಿ. ನನಗೆ ನನ್ನ ಬಗ್ಗೆ ಇದ್ದ ಅಂದಾಜು ಪೂರ್ತಿ ತಪ್ಪಾಗಿತ್ತು. ವಾರಕ್ಕೆ ಎರಡು ಸಲವಾದರೂ ಭಾರ ಹೊರುತ್ತೇನೆ ಅಂದುಕೊಂಡಿದ್ದೆ. ನೋಟ್‌ಬುಕ್ ತೆಗೆದು ಕೂಡಿಸಿದರೆ 200 ಕೆಜಿ ಮೇಲೆ ಸಾಮಾನು ಸಾಗಿಸಿದ ದಿನ ವರ್ಷದಲ್ಲಿ ಬರೀ 11. ಉಳಿದದ್ದೆಲ್ಲ ಸಣ್ಣಪುಟ್ಟದ್ದು. 45 ಕೆಜಿಯ ಯೂರಿಯಾ ಚೀಲ ಎರಡು, ಬೀಜದ ಪ್ಯಾಕೆಟ್, ಸ್ಪ್ರೇ ಪಂಪು, ಆಳುಗಳಿಗೆ ಕುಡಿಯುವ ನೀರಿನ ಕ್ಯಾನು, ರೊಟ್ಟಿ ಬುತ್ತಿ. ಇನ್ನು ಅವ್ವನ ಜೊತೆ ಹೋದದ್ದು 31 ದಿನ.

ಆ 11 ದಿನಗಳ ಲೆಕ್ಕ ಇನ್ನೂ ಕಣ್ಣು ತೆರೆಸಿತು. ಗೊಬ್ಬರ ತರುವ ದಿನ ಟಂಟಂ ಹಿಡಿದರೆ ಆಗುತ್ತದೆ. ರಾಶಿ ದಿನದ ಕಥೆ ಬೇರೆ. ಆ ವರ್ಷ ನಮ್ಮ ತೊಗರಿ 46 ಕ್ವಿಂಟಲ್ ಆಯಿತು, ಅಂದರೆ 4.6 ಟನ್. ಬೊಲೆರೊ ಕ್ಯಾಂಪರ್‌ನಂಥ ಪಿಕಪ್ ಹೊರೋದು ಹೆಚ್ಚು ಕಡಿಮೆ ಒಂದು ಟನ್. ನಮ್ಮೂರಿಂದ ಕಲಬುರಗಿಗೆ ಐದು ಸಲ ಓಡಾಡಬೇಕು. ಬಾಡಿಗೆ ಐಷರ್ ಲಾರಿ ಒಂದೇ ಟ್ರಿಪ್‌ನಲ್ಲಿ ಒಯ್ದು ಗಂಜ್‌ನಲ್ಲಿ ಇಳಿಸುತ್ತದೆ. ಅಪ್ಪ ಇಷ್ಟಪಟ್ಟ ಬಾಡಿ ರಾಶಿಗೆ ಸಣ್ಣದಾಯಿತು, ದಿನದ ಕೆಲಸಕ್ಕೆ ದೊಡ್ಡದಾಯಿತು. ಈ ಲೆಕ್ಕ ಬರೆದ ಪುಟವನ್ನು ನಾನು ಸುಮಾರು ದಿನ ತೆರೆಯಲಿಲ್ಲ. ಅಪ್ಪನ ಮಾತು ಮುರಿದ ಹಾಗೆ ಅನಿಸುತ್ತಿತ್ತು.

ಆದರೂ ಪಿಕಪ್ ಕೈಬಿಡಲಿಲ್ಲ. ಡಬಲ್ ಕ್ಯಾಬ್ ಇದೆಯಲ್ಲ, ಮುಂದೆ ಐದು ಜನ, ಹಿಂದೆ ಬಾಡಿ, ಎರಡೂ ಆಗುತ್ತದೆ ಅಂದುಕೊಂಡೆ.

ಮೊದಲು ನೋಡಿದ್ದು ಇಸುಜು ವಿ-ಕ್ರಾಸ್. ಕಲಬುರಗಿಯಲ್ಲಿ ಪರಿಚಯದವರೊಬ್ಬರು ಇಟ್ಟಿದ್ದಾರೆ. ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಲಿಕ್ಕೆ ಕೊಟ್ಟರು. ಎಷ್ಟು ಚಂದದ ಗಾಡಿ! 1.9 ಲೀಟರ್ ಡೀಸೆಲ್ ಎಂಜಿನ್, 360 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ. ತಗ್ಗು ಬಂದದ್ದೇ ಗೊತ್ತಾಗುವುದಿಲ್ಲ. ಟೊಯೊಟಾ ಹೈಲಕ್ಸ್ ಇನ್ನೂ ಜೋರು ಅಂತಾರೆ. ಆದರೆ ಹೊಸದು ತಗೊಂಡರೆ ಎರಡೂ 30 ಲಕ್ಷದ ಆಸುಪಾಸಿನ ಮಾತು. ತೊಗರಿ ನಂಬಿದವರು ಅಷ್ಟು ಸಾಲ ತಲೆ ಮೇಲೆ ಹೊತ್ತುಕೊಳ್ಳಬಾರದು. ಹಳೆಯದು ಸಿಕ್ಕರೆ ನೋಡೋಣ ಅಂತ ಒಂದು ತಿಂಗಳು ಹುಡುಕಿದೆ.

ಆ ಹುಡುಕಾಟದ ನಡುವೆ ಒಂದು ದಿನ ಹೊಳೆಯಿತು, ಮನೆ ತನಕ ಇದು ಬರುತ್ತದಾ? ವಿ-ಕ್ರಾಸ್ ಉದ್ದ ಸುಮಾರು 5.3 ಮೀಟರ್. ಅಪ್ಪ ಹೇರು ಕಟ್ಟುತ್ತಿದ್ದ ಹಗ್ಗ ತೆಗೆದುಕೊಂಡೆ. ಟೇಪ್ ಹಿಡಿದು 5.3 ಮೀಟರಿಗೆ ಒಂದು ಗಂಟು, 4 ಮೀಟರಿಗೆ ಒಂದು ಗಂಟು ಹಾಕಿದೆ. ಓಣಿಯ ಇಬ್ಬರು ಹುಡುಗರು ಎರಡು ತುದಿ ಹಿಡಿದು ಬಿಗಿಯಾಗಿ ನಡೆದರು. ನಮ್ಮ ಓಣಿಯಲ್ಲಿ ಹನುಮಂತ ದೇವರ ಗುಡಿ ಹತ್ತಿರ ಒಂದು ಮುರುಕಿ, ಅಂದರೆ ತಿರುವು ಇದೆ. ಎರಡೂ ಕಡೆ ಕಲ್ಲಿನ ಗೋಡೆ, ಒಂದು ಮೂಲೆಯಲ್ಲಿ ಫರ್ಸಿ ಕಲ್ಲಿನ ಕಟ್ಟೆ. ಉದ್ದ ಹಗ್ಗ ಕಟ್ಟೆಗೆ ತಾಗಿ ಬಾಗಿತು. ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಬಾಗುತ್ತಿತ್ತು. 4 ಮೀಟರಿನ ಗಂಟು ಸಲೀಸಾಗಿ ತಿರುಗಿತು. ಗುಡಿ ಮುಂದೆ ಕೂತ ಹಿರಿಯರು ಏನು ಅಳೀಲಿಕತ್ತೀರಿ ಅಂತ ಕೇಳಿದರು. ಗಾಡಿ ಅಳೆಯುತ್ತಿದ್ದೇನೆ ಅಂದೆ. ಅವರೂ ಎದ್ದು ಬಂದು ಹಗ್ಗ ಹಿಡಿದರು.

ವಿ-ಕ್ರಾಸ್ ಅಲ್ಲಿಗೆ ಮುಗಿಯಿತು. ಉಳಿದದ್ದು ಬೊಲೆರೊ ಕ್ಯಾಂಪರ್. ಬೆಲೆ ಕೈಗೆ ಎಟಕುತ್ತದೆ, ಎಂಜಿನ್ ಗಟ್ಟಿ, ಚಿಂಚೋಳಿಯ ಯಾವ ಮೇಸ್ತ್ರಿಯಾದರೂ ಕಣ್ಣು ಮುಚ್ಚಿ ಬಿಚ್ಚಿ ಕೂಡಿಸುತ್ತಾನೆ. ಸರಕು ಗಾಡಿಯಾದ್ದರಿಂದ ಹಳದಿ ಬೋರ್ಡ್. ಅದಕ್ಕೆ ಬೇರೆ ಲೈಸೆನ್ಸ್ ಬೇಕು ಅಂತ ತುಂಬಾ ಜನ ಹೆದರಿಸಿದರು. ಅದು ಸರಿಯಲ್ಲ. ಒಟ್ಟು ತೂಕ 7500 ಕೆಜಿ ದಾಟದ ಸರಕು ಗಾಡಿಯನ್ನು ಕಾರಿಗೆ ಕೊಡುವ ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಮೇಲೆ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 3000 ಕೆಜಿ ಒಳಗಿದ್ದರೆ ಪರ್ಮಿಟ್ ಕೂಡ ಬೇಡ. ಆದರೆ ಫಿಟ್‌ನೆಸ್ ಮಾಡಿಸಬೇಕು, ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ವೇಗ ಗಂಟೆಗೆ 80 ಕಿಲೋಮೀಟರಿಗೆ ಕಟ್ಟಿಹಾಕಿರುತ್ತಾರೆ. ನನಗೆ ಇದ್ಯಾವುದೂ ಅಡ್ಡಿ ಅನಿಸಲಿಲ್ಲ.

ಅಡ್ಡಿ ಬಂದದ್ದು ಅವ್ವನಿಂದ. ಊರಿನವರೊಬ್ಬರ ಕ್ಯಾಂಪರ್ ಕೇಳಿ ತಗೊಂಡು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಚಿಂಚೋಳಿಗೆ ಹೋಗಿ ಬಂದೆ. ಬೆನ್ನು ಸೀಟು ನೆಟ್ಟಗೆ ಗೋಡೆಯ ಹಾಗೆ. ಹಿಂದೆ ಭಾರ ಇಲ್ಲದಾಗ ಕಮಾನುಪಟ್ಟಿ ಬಗ್ಗುವುದೇ ಇಲ್ಲ. ಒಂದು ಟನ್ ಹೊರಲಿಕ್ಕೆ ಮಾಡಿದ ಪಟ್ಟಿ ಒಬ್ಬ ಮುದುಕಿಯ ತೂಕಕ್ಕೆ ಯಾಕೆ ಬಗ್ಗುತ್ತದೆ? ಪ್ರತಿ ತಗ್ಗಿನಲ್ಲೂ ಅವಳು ಒಂದು ಗೇಣು ಮೇಲೆ ಹಾರುತ್ತಿದ್ದಳು. ಮನೆ ಮುಂದೆ ಇಳಿದು ಕಟ್ಟೆ ಮೇಲೆ ಕೂತಳು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ಮಪ್ಪಗ ಇದು ಸೇರ್ತಿತ್ತು, ನನಗ ಗೊತ್ತದ. ಆದರ ನನ್ನ ನಡಾ ತಾಳಂಗಿಲ್ಲವ್ವಾ" ಅಂದಳು. ಅವಳು ಏನನ್ನೂ ಬೇಡ ಅನ್ನುವವಳಲ್ಲ. ಅಷ್ಟು ಹೇಳಿದಳು ಅಂದರೆ ಎಷ್ಟು ನೋವಾಗಿರಬೇಕು.

ಇನ್ನೊಂದು ಕಾರಣ ಇದೆ, ಅದನ್ನು ಬರೆಯಲೇಬೇಕು. ನಮ್ಮ ಕಡೆ ಕಳೆ ತೆಗೆಯುವ ಕಾಲ, ತೊಗರಿ ಕೊಯ್ಯುವ ಕಾಲ ಬಂತೆಂದರೆ ಬೆಳಗ್ಗೆ ಪಿಕಪ್ ಹಿಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿ ತುಂಬಿಕೊಂಡು ಹೋಗೋದು ನೋಡುತ್ತೇವೆ. ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಡಾಲಾ. ಸರಕು ಗಾಡಿಯ ಬಾಡಿಯಲ್ಲಿ ಜನರನ್ನು ಒಯ್ಯೋದು ಕಾನೂನಿಗೆ ವಿರುದ್ಧ. ಗಾಡಿ ಪಲ್ಟಿಯಾದರೆ ಹಿಡಿದುಕೊಳ್ಳಲು ಏನೂ ಇಲ್ಲ, ವಿಮೆ ಹಣ ಬರುವ ಭರವಸೆಯೂ ಇಲ್ಲ. ನನ್ನ ಹತ್ತಿರ ಬಾಡಿ ಇದ್ದರೆ ಕೆಲಸಕ್ಕೆ ಬರುವ ಅಕ್ಕಂದಿರು ಸಂಜೆ ಬಿಸಿಲಲ್ಲಿ ದಣಿದು ನಿಂತು "ಹತ್ಲೇನವ್ವಾ" ಅಂತ ಕೇಳುತ್ತಾರೆ. ಅವರ ಮುಖ ನೋಡಿ ಬೇಡ ಅನ್ನಲಿಕ್ಕೆ ನನಗೆ ಆಗುವುದಿಲ್ಲ. ಹತ್ತಿಸಿಕೊಂಡೆ ಅಂದರೆ ಒಂದು ದಿನ ಏನಾದರೂ ಆದರೆ ನಾನು ಹೇಗೆ ಬದುಕಲಿ? ಈ ಯೋಚನೆ ಬಂದ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಜೀಪುಗಳ ಕಡೆ ತಿರುಗಿದೆ. ಥಾರ್ ನೋಡಿದೆ. ಗಟ್ಟಿ ಗಾಡಿ, ನೆಲದಿಂದ 226 ಮಿಲಿಮೀಟರ್ ಎತ್ತರ, ಕಂಪನಿ ಹೇಳುವ ಪ್ರಕಾರ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ. ಮೂರು ಬಾಗಿಲಿನದಕ್ಕೆ ಹಿಂದೆ ಹತ್ತಬೇಕಾದರೆ ಮುಂದಿನ ಸೀಟು ಮಡಚಬೇಕು. ಅವ್ವನ ಮೊಣಕಾಲಿಗೆ ಅದು ಆಗದ ಮಾತು. ಐದು ಬಾಗಿಲಿನ ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂತು, ಆದರೆ ಅದರ ಫೋರ್ ಬೈ ಫೋರ್ ನನ್ನ ಲೆಕ್ಕಕ್ಕೆ ಮೀರಿತು. ಗೂರ್ಖಾ ಬಗ್ಗೆಯೂ ಓದಿದೆ, ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಮಾಡಬಹುದಾದ ಗಾಡಿ, ಅಂದರೆ ಒಂದು ಗಾಲಿ ಜಾರಿದರೂ ಅದರ ಜೋಡಿ ಗಾಲಿ ತಿರುಗುತ್ತದೆ. ಅಷ್ಟು ದೊಡ್ಡದು ನನಗೆ ಬೇಕಿರಲಿಲ್ಲ.

ನೀರಿನ ಆ ಅಂಕಿ ಬಗ್ಗೆ ಒಂದು ಮಾತು. 650, 700 ಅಂತ ಬರೆದಿರೋದು ನಿಂತ ನೀರಿಗೆ. ಹರಿಯುವ ನೀರಿಗಲ್ಲ. ಮಳಖೇಡದ ಹತ್ತಿರ ಕಾಗಿಣಾ ಸೇತುವೆ ಮೇಲೆ ನೀರು ಬಂದಾಗ ಎರಡೂ ಕಡೆ ಗಾಡಿ ನಿಂತಿರುತ್ತವೆ. ಯಾರಾದರೂ ಒಬ್ಬರು ನಮ್ಮದು ಜೀಪು, ದಾಟುತ್ತದೆ ಅಂತ ಮುಂದೆ ನುಗ್ಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹರಿಯುವ ನೀರು ಗಾಡಿಯನ್ನು ಪಕ್ಕದಿಂದ ತಳ್ಳುತ್ತದೆ, ಕೆಳಗಿನಿಂದ ಎತ್ತುತ್ತದೆ. ನಾಲ್ಕೂ ಗಾಲಿ ತಿರುಗಿದರೂ ನೆಲವೇ ಸಿಗದಿದ್ದರೆ ಏನು ಪ್ರಯೋಜನ? ನಾನು ನಮ್ಮೂರ ಹಳ್ಳದ ಸೇತುವೆ ದಾಟಲಿಕ್ಕೆ ಗಾಡಿ ಹುಡುಕಲೇ ಇಲ್ಲ. ಹುಡುಕಿದ್ದು ಎರೆ ದಾರಿಗೆ.

2024ರ ಸೆಪ್ಟೆಂಬರ್ ಮೊದಲ ವಾರ ಮಳೆ ಜೋರಾಗಿ ಹಿಡಿದಿತ್ತು. ಸೋದರಮಾವನ ಮಗ ಹೈದರಾಬಾದಿನಿಂದ ತನ್ನ ಮಾರುತಿ ಜಿಮ್ನಿ ತಗೊಂಡು ಬಂದಿದ್ದ. ಮಳೆ ನಿಂತ ಮರುದಿನ ಕ್ಯಾಂಪರ್, ಜಿಮ್ನಿ ಎರಡನ್ನೂ ಆ 700 ಮೀಟರಿಗೆ ಇಳಿಸೋಣ ಅಂದೆ. ಕ್ಯಾಂಪರ್ ಇಟ್ಟವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಎಳೆಯಲಿಕ್ಕೆ ಬೇಕಾಗಬಹುದು ಅಂತ ಟ್ರ್ಯಾಕ್ಟರ್ ತಯಾರಿಟ್ಟೆವು.

ಎರೆ ಮಣ್ಣು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಅದು ಬಿರಿದು ಕೈ ಹೋಗುವಷ್ಟು ಸೀಳು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಹೋಳಿಗೆಯ ಕಣಕದ ಹಾಗೆ ಮೆತ್ತಗಾಗುತ್ತದೆ. ಕೆಂಪು ಮಣ್ಣಿನ ಕೆಸರು ಟೈರಿನಿಂದ ಸಿಡಿದು ಹೋಗುತ್ತದೆ. ಎರೆ ಹೋಗುವುದಿಲ್ಲ. ಟೈರ್ ಒಂದು ಸುತ್ತು ತಿರುಗಿದರೆ ಒಂದು ಪದರ, ಇನ್ನೊಂದು ಸುತ್ತಿಗೆ ಇನ್ನೊಂದು ಪದರ. ಜೊತೆಗೆ ಹುಲ್ಲು, ತೊಗರಿ ಎಲೆ ಎಲ್ಲ ಸೇರಿ ಹೆಣೆದುಕೊಳ್ಳುತ್ತದೆ. ಹತ್ತು ಮಾರು ಹೋಗುವುದರೊಳಗೆ ಟೈರಿನ ಹಲ್ಲು ಮುಚ್ಚಿ ಗಾಲಿ ನುಣ್ಣಗೆ ಕರಿ ಡ್ರಮ್ ಆಗುತ್ತದೆ. ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಕ್ಯಾಂಪರ್ ಖಾಲಿ ಇತ್ತು, ಅದು ಹಿಂದಿನ ಎರಡೇ ಗಾಲಿ ತಿರುಗುವ ಮಾಡೆಲ್. ಎಂಜಿನ್ ಭಾರ ಮುಂದೆ, ತಿರುಗುವ ಗಾಲಿ ಹಿಂದೆ, ಹಿಂದೆ ಒತ್ತಲಿಕ್ಕೆ ತೂಕವೇ ಇಲ್ಲ. 60 ಮೀಟರಿಗೆ ಹಿಂಭಾಗ ಪಕ್ಕಕ್ಕೆ ಜಾರಿ ಅಡ್ಡ ನಿಂತಿತು. ಆರು ಚೀಲ ಉಸುಕು ಹೇರಿದೆವು, ಸುಮಾರು 300 ಕೆಜಿ. ಮುರುಮ್ ದಿಬ್ಬದ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತು, ಗಾಲಿ ನೆಲ ಹಿಡಿಯಿತು. ಎರೆಯಲ್ಲಿ ಮಾತ್ರ ಅದೇ ತೂಕ ಗಾಡಿಯನ್ನು ಇನ್ನೂ ಕೆಳಗೆ ಇಳಿಸಿತು. ಹಿಂದಿನ ಗಾಲಿಗಳ ನಡುವಿನ ಹೌಸಿಂಗ್ ಮಣ್ಣಿಗೆ ತಾಗಿತು. ಟ್ರ್ಯಾಕ್ಟರ್ ಕಟ್ಟಿ ಎಳೆದೆವು. ಕ್ಯಾಂಪರ್‌ಗೆ ಫೋರ್ ಬೈ ಫೋರ್ ಕೂಡ ಬರುತ್ತದೆ, ಅದಾಗಿದ್ದರೆ ಇನ್ನಷ್ಟು ದೂರ ಹೋಗುತ್ತಿತ್ತು ಅನ್ನೋದು ನನಗೂ ಗೊತ್ತು. ಆದರೆ ಅವ್ವನ ನಡ ಅದರಲ್ಲೂ ಅಷ್ಟೇ ನೋಯುತ್ತಿತ್ತು.

ಆಮೇಲೆ ಜಿಮ್ನಿ. ಅದರ ತೂಕ ಸುಮಾರು 1200 ಕೆಜಿ, ಅಷ್ಟೇ. ಉದ್ದ 4 ಮೀಟರಿಗಿಂತ ಸ್ವಲ್ಪ ಕಡಿಮೆ. ಟೈರಿನ ಗಾಳಿ 18ಕ್ಕೆ ಇಳಿಸಿದೆವು, ಆಗ ಟೈರ್ ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ಮಾವನ ಮಗ ಮೊದಲು 4ಎಲ್ ಹಾಕಿದ, ನಾಲ್ಕೂ ಗಾಲಿ ನಿಧಾನಕ್ಕೆ, ಹೆಚ್ಚು ಬಲದಿಂದ ತಿರುಗುವ ಗೇರು ಅದು. ಗಾಡಿ ನಿಧಾನಕ್ಕೆ ತೆವಳಿತು, ಟೈರ್ ತುಂಬಿಕೊಂಡಿತು, ಇನ್ನೇನು ನಿಲ್ಲಬೇಕು ಅನ್ನುವ ಹೊತ್ತಿಗೆ ಹಿಂದೆ ಬಂದ. ನಾನು ಕೂತೆ. ಟ್ರ್ಯಾಕ್ಟರ್ ಮೇಲೆ ಡ್ರೈವಿಂಗ್ ಕಲಿತವಳು ನಾನು, ಎರೆಯಲ್ಲಿ ತೆವಳಬಾರದು ಅಂತ ಅಪ್ಪನೇ ಕಲಿಸಿದ್ದ. 4ಎಚ್, ಅಂದರೆ ನಾಲ್ಕೂ ಗಾಲಿ ಮಾಮೂಲು ವೇಗದಲ್ಲಿ, ಎರಡನೇ ಗೇರು, ಕಾಲು ಒಂದೇ ಸಮ, ಎಲ್ಲೂ ಬಿಡಬಾರದು. ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸುತ್ತಾ ಇರಬೇಕು, ಟೈರಿನ ಅಂಚು ಹೊಸ ಮಣ್ಣು ಕಚ್ಚುತ್ತದೆ. ಮಣ್ಣು ಗ್ಲಾಸಿನ ಮೇಲೆ ಬಂದು ಬೀಳುತ್ತಿತ್ತು. ಗಾಡಿ ಅಡ್ಡ ಜಾರಿತು, ನೆಟ್ಟಗಾಯಿತು, ಮತ್ತೆ ಜಾರಿತು. ಬನ್ನಿ ಗಿಡ ದಾಟಿತು. 580 ಮೀಟರ್ ಹೋಯಿತು.

ಅಲ್ಲಿ ನಿಂತಿತು.

ಬನ್ನಿ ಗಿಡದ ಆಚೆ ಒಂದು ತಗ್ಗು ಇದೆ. ಎರಡೂ ಕಡೆಯ ಹೊಲದ ನೀರು ಅಲ್ಲಿಗೇ ಬರುತ್ತದೆ. ಇಳಿದು ನೋಡಿದರೆ ನಾಲ್ಕೂ ಗಾಲಿ ಒಂದೇ ಬಣ್ಣ, ಒಂದೇ ಆಕಾರ. ನಾನು ಕುರ್ಪಿ ತಗೊಂಡು ಒಂದು ಟೈರ್ ಕೆತ್ತಿದೆ. ಮಣ್ಣು ನಾಲ್ಕು ಬೆರಳು ದಪ್ಪ ಹೋಳಾಗಿ ಬಿತ್ತು. ಆ ಹೋಳಿನ ಒಳಗೆ ಟೈರಿನ ಹಲ್ಲಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಟ್ರ್ಯಾಕ್ಟರ್ ಬಂತು, ಎಳೆಯಿತು. ಯಾವ ಗಾಡಿ ತಂದರೂ ಆ ತಗ್ಗು ಹಾಗೇ ಇದ್ದರೆ ಅವ್ವನನ್ನು ದಾಟಿಸಲು ಆಗುವುದಿಲ್ಲ ಅಂತ ಅಲ್ಲಿ ನಿಂತಾಗ ನನಗೆ ಖಾತ್ರಿ ಆಯಿತು.

ಹಾಗಾಗಿ ಗಾಡಿಗಿಂತ ಮೊದಲು ದಾರಿಗೆ ದುಡ್ಡು ಹಾಕಿದೆ. ಅಕ್ಕಪಕ್ಕದ ನಾಲ್ಕು ಹೊಲದವರನ್ನು ಸೇರಿಸಿ ಕೂತು ಮಾತಾಡಿದೆ. ತಗ್ಗಿನ ಆ ಕಡೆ ಈ ಕಡೆ ಸೇರಿ 90 ಮೀಟರ್, ಕೆಳಗೆ ದಪ್ಪ ಕಲ್ಲು, ಮೇಲೆ ಮುರುಮ್, ನೀರು ಹೋಗಲಿಕ್ಕೆ ಎರಡು ಸಿಮೆಂಟ್ ಪೈಪು. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಏನು ಬರ? ಫರ್ಸಿ ಖಣಿಯ ಒಡಕಲು ಕಲ್ಲು ಟ್ರಾಲಿಗಟ್ಟಲೆ ಬಂತು. ಒಬ್ಬರು ಟ್ರ್ಯಾಕ್ಟರ್ ಕೊಟ್ಟರು, ಒಬ್ಬರು ಡೀಸೆಲ್, ಇಬ್ಬರು ದುಡಿದರು. ಬರೀ ಮುರುಮ್ ಹಾಕಿದ್ದರೆ ಎರೆ ಅದನ್ನು ನುಂಗಿಬಿಡುತ್ತಿತ್ತು, ಅದಕ್ಕೆ ಕೆಳಗೆ ಕಲ್ಲು ಬೇಕೇ ಬೇಕು. ಈ ಕೆಲಸ ಅಪ್ಪ ಇದ್ದಾಗಲೇ ಮಾಡಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ದೀಪಾವಳಿ ಮುಗಿದ ಮೇಲೆ ಕಲಬುರಗಿಯಲ್ಲಿ ಒಂದು ಹಳೆಯ ಜಿಮ್ನಿ ಸಿಕ್ಕಿತು. ಕೆಎ 32 ನಂಬರಿನದೇ, ಒಂದೂವರೆ ವರ್ಷ ಹಳೆಯದು, 21,000 ಕಿಲೋಮೀಟರ್ ಓಡಿತ್ತು. ಕಾರ್ಪೆಟ್ ಎತ್ತಿ ಕೆಸರು, ತುಕ್ಕು ಇದೆಯಾ ನೋಡಿದೆ. ಕೆಳಗೆ ಮಲಗಿ, ಮುಂದಿನ ಹಿಂದಿನ ಗಾಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹತ್ತಿರ ಆಯಿಲ್ ಸೋರಿದೆಯಾ ನೋಡಿದೆ. 4ಎಚ್, 4ಎಲ್ ಎರಡೂ ಬೀಳುತ್ತವಾ ಅಂತ ಮಣ್ಣಿನ ಮೈದಾನದಲ್ಲೇ ಹಾಕಿಸಿ ನೋಡಿದೆ. ಒಣ ಡಾಂಬರ್ ಮೇಲೆ ಇದನ್ನು ಹಾಕಿ ಓಡಿಸಬಾರದು. ಮುಂದಿನ ಗಾಲಿ, ಹಿಂದಿನ ಗಾಲಿ ಕಟ್ಟಿಹಾಕಿದ ಹಾಗಿರುತ್ತವೆ, ತಿರುವಿನಲ್ಲಿ ಗೇರಿಗೆ ಪೆಟ್ಟು ಬೀಳುತ್ತದೆ.

ಕೊರತೆ ಇಲ್ಲ ಅಂತ ಹೇಳುವುದಿಲ್ಲ. ಎಂಜಿನ್ 1.5 ಲೀಟರ್ ಪೆಟ್ರೋಲ್, ಟಾರ್ಕ್ 134 ನ್ಯೂಟನ್ ಮೀಟರ್, ವಿ-ಕ್ರಾಸ್‌ನ ಅರ್ಧವೂ ಇಲ್ಲ. ತುಂಬಿದ ಗಾಡಿ ಘಟ್ಟ ಏರುವಾಗ ಗೇರು ಇಳಿಸಲೇಬೇಕು. ನನಗೆ ಸಿಗುತ್ತಿರುವ ಮೈಲೇಜ್ 14. ಹಿಂದಿನ ಸೀಟು ಮಡಚದೆ ಹಾಗೇ ಬಿಟ್ಟರೆ ಡಿಕ್ಕಿ 208 ಲೀಟರ್ ಮಾತ್ರ, ಎರಡು ಚೀಲ ಇಟ್ಟರೆ ಮುಗಿಯಿತು. ಪಿಕಪ್ ಬಿಟ್ಟದ್ದಕ್ಕೆ ನಿಜವಾಗಿ ಬೇಜಾರಾಗುವುದು ಎಣ್ಣೆ ಹೊಡೆಯುವ ಕಾಲದಲ್ಲಿ. ತೊಗರಿ ಹೂವು ಕಾಯಿ ಬಿಡುವಾಗ ಹುಳಕ್ಕೆ ಔಷಧ ತರಬೇಕು. ಆ ವಾಸನೆ ಅವ್ವ ಕೂರುವ ಗಾಡಿ ಒಳಗೆ ಬರಲೇಬಾರದು. ಬಾಡಿ ಇದ್ದಿದ್ದರೆ ಹೊರಗೆ ಒಗೆದು ತರುತ್ತಿದ್ದೆ. ಈಗ ಔಷಧ, ಸ್ಪ್ರೇ ಪಂಪು ಎರಡನ್ನೂ ಟಂಟಂನಲ್ಲೇ ತರಿಸುತ್ತೇನೆ, ಹೊಲದ ಕೊಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ. ಇದರಲ್ಲಿ ಒಂದು ದಿನವೂ ರಿಯಾಯಿತಿ ಕೊಟ್ಟಿಲ್ಲ.

ಕೆಲಸದ ಅಕ್ಕಂದಿರು ಎಂಟು ಜನ. ನನ್ನನ್ನು ಬಿಟ್ಟರೆ ಜಿಮ್ನಿಯಲ್ಲಿ ಮೂರೇ ಸೀಟು, ಅದಕ್ಕೆ ಮೂರು ಸಲ ಓಡಾಡಿ ಕರೆದುಕೊಂಡು ಹೋಗುತ್ತೇನೆ. ಎಲ್ಲರೂ ಸೀಟಿನ ಮೇಲೆ, ಬೆಲ್ಟ್ ಹಾಕಿ. ಮೊದಲ ದಿನ ಒಬ್ಬಾಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿದಳು. ಹಾಕ್ಕೋ ಅಕ್ಕ ಅಂದೆ. ಎರೆ ಹೊಲದಿಂದ ಬರುವವರು ನಾವೆಲ್ಲರೂ, ಮಣ್ಣಾದರೆ ಆಗಲಿ.

ಈ ಮಳೆಗಾಲದಲ್ಲಿ ಹಳ್ಳ ಮೂರು ಸಲ ಸೇತುವೆ ಮೇಲೆ ಬಂತು. ಎರಡು ಸಲ ನಾವು ಮನೆಯಲ್ಲೇ ಇದ್ದೆವು. ಮೂರನೆಯ ಸಲ ಕಲಬುರಗಿಯಲ್ಲಿ ಅವ್ವನ ಡಾಕ್ಟರ್ ತಾರೀಖು ಇತ್ತು. ಬೆಳಗ್ಗೆ ಆರಕ್ಕೆ ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ ಕೂತು ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದಳು. ಬನ್ನಿ ಗಿಡದ ತನಕ ಜಾರುತ್ತ ಬಂದೆವು, ಆಮೇಲೆ ಗಾಲಿ ಕೆಳಗೆ ಕಲ್ಲು ಸಿಕ್ಕ ಸದ್ದು ಕೇಳಿತು, ಗರಗರ ಅಂತ. 700 ಮೀಟರಿಗೆ ನಾಲ್ಕು ನಿಮಿಷ. ಡಾಂಬರ್ ಹತ್ತಿದ ಮೇಲೆ ನಿಲ್ಲಿಸಿ 4ಎಚ್ ತೆಗೆದೆ. ಅವ್ವ ಹಿಡಿ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು. ಹಿಂದೆ ತಿರುಗಿ ನೋಡಿ "ಅದು ನಿಮ್ಮಪ್ಪಂದಲ್ಲೇನು?" ಅಂದಳು.

ಹಿಂದಿನ ಸೀಟು ಮಡಿಚಿ, ಯೂರಿಯಾ ಸುರಿದು ತಗಡು ತುಕ್ಕು ಹಿಡಿಯಬಾರದು ಅಂತ ನೀಲಿ ತಾಡಪತ್ರಿ ಹಾಸಿದ್ದೆ. ಒಂದು ಅಂಚಿನ ಕಣ್ಣಿ ಹರಿದು ಸಣಬಿನ ದಾರದಿಂದ ಹೊಲಿದದ್ದು. ಅದು ಅಪ್ಪನ ಹೊಲಿಗೆ. ಹೌದು ಅಂದೆ. ಕಲಬುರಗಿ ಬರುವ ತನಕ ಅವ್ವ ಅಪ್ಪನ ವಿಷಯವೇ ಮಾತಾಡುತ್ತಾ ಬಂದಳು.